ಬೂತಿನ ಮುಂದೆ ಕಾರ್ನಿವಲ್

ತೊಂಬತ್ತರ ದಶಕದ ಕೊನೆಯಲ್ಲಿ ಮಣಿಪಾಲದಲ್ಲಿ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಹಾಸ್ಟೆಲಿನ ಮಕ್ಕಳಿಗೆ ನಾನೆಂದರೆ ಸ್ವಲ್ಪ ಹೆದರಿಕೆ. ಹೊರಗೆ ಜನ ಕಾಯುತ್ತಿರುವಾಗ ಒಳಗೆ ನಿಂತು ಪಿಸುಗುಟ್ಟುತ್ತಲೇ ಇದ್ದರೆ ನಾನು ಗಾಜು ತಟ್ಟದೆ ಬಿಡುತ್ತಿರಲಿಲ್ಲ. ಬ್ರೆಜಿಲಿನಿಂದ ಓದಲು ಬಂದಿದ್ದ ಹುಡುಗಿಗೆ ಮಾತ್ರ ತಟ್ಟುವ ಪ್ರಸಂಗವೇ ಬರಲಿಲ್ಲ. ಅವಳ ಫೋನು ಶುರುವಾಗುವಷ್ಟರಲ್ಲಿ ಮುಗಿಯುತ್ತಿತ್ತು.

ಒಂದು ದಿನ ಕಾರಣ ಕೇಳಿದೆ. ಅವಳ ಅಪ್ಪ ಊರಿನ ಕಾರ್ನಿವಲ್ ತಂಡದಲ್ಲಿ ಡೋಲಿನವರ ಮುಖಂಡ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು ಕಟ್ಟಿಕೊಂಡ ತಂಡವಂತೆ. ಹಿರಿಯರ ತಾಳವನ್ನು ಬಾರಿಸುತ್ತ ಬೀದಿಯಲ್ಲಿ ನಡೆಯುವುದೇ ಅವರ ಹಬ್ಬ. ಅಪ್ಪನಿಗೆ ಹೃದಯದ ಆಪರೇಷನ್ ಆದ ಮೇಲೆ ಡಾಕ್ಟರು ಡೋಲು ಮುಟ್ಟಬೇಡಿ ಎಂದಿದ್ದಾರೆ. ಅಂದಿನಿಂದ ಅಪ್ಪ ಹೂಂ ಬಿಟ್ಟರೆ ಬೇರೆ ಮಾತಾಡುವುದಿಲ್ಲ. ಈ ಸಲ ತಂಡ ಅವರನ್ನು ಮನೆಯಲ್ಲೇ ಬಿಟ್ಟು ಹೊರಡುತ್ತದೆ. ಹೇಳುತ್ತ ಅವಳ ಕಣ್ಣು ತುಂಬಿತು. ನನಗೆ ಸಂಕಟವಾಯಿತು, ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ.

"ಅಳುವುದೆಂತಕ್ಕೆ? ಡೋಲು ನಮ್ಮಲ್ಲಿಯೂ ಉಂಟು. ನಿನ್ನ ಅಪ್ಪನಿಗೆ ಫೋನಿನಲ್ಲಿ ಕೇಳಿಸುವ," ಎಂದೆ.

ಕಾಪುವಿನಲ್ಲಿದ್ದ ನನ್ನ ತಮ್ಮ ಅಷ್ಟಮಿ ಬಂದರೆ ಹುಲಿವೇಷದ ತಂಡಕ್ಕೆ ತಾಸೆ ಬಾರಿಸುತ್ತಿದ್ದ. ಉಳಿದ ದಿನ ದೋಣಿ, ಬಲೆ. ಹುಡುಗಿ ಕೊಟ್ಟ, ಅವಳಪ್ಪನ ತಂಡದ ತಾಳವಿದ್ದ ಕ್ಯಾಸೆಟ್ಟು ಕೇಳಿ, "ಇದೆಂತ ಮಹಾ, ಅಕ್ಕ," ಎಂದ. ಕಾರ್ನಿವಲ್ಲಿನ ಸಂಜೆ, ಅಂದರೆ ಅವರಲ್ಲಿ ಬೆಳಿಗ್ಗೆ, ಜೊತೆಗಾರರೊಂದಿಗೆ ಬೂತಿನ ಮುಂದೆ ಬಂದಿಳಿದ. ಅಟ್ಟದಲ್ಲಿ ಬಿದ್ದಿದ್ದ ತಾಸೆಗಳ, ದೊಡ್ಡ ಡೋಲಿನ ಚರ್ಮ ಸಡಿಲಾಗಿತ್ತು. ರಸ್ತೆ ಬದಿಯಲ್ಲಿ ಒಣ ತೆಂಗಿನ ಗರಿಗೆ ಬೆಂಕಿ ಕೊಟ್ಟು ಕಾಯಿಸತೊಡಗಿದರು. ಹಾಸ್ಟೆಲಿನ ಗದಗದ ಕಡೆಯ ವಾಚ್‌ಮನ್ ಓಡಿ ಬಂದು, "ಹೋಳಿ ಇನ್ನೂ ದೂರ ಐತಲ್ರೀ ಅಕ್ಕಾರ," ಎಂದ.

ಬಾರಿಸಲು ಶುರು ಮಾಡಿದಾಗ ಚೆನ್ನಾಗಿಯೇ ಇತ್ತು. ನೋಡುನೋಡುತ್ತಲೇ ತಾಳ ಓಟಕ್ಕೆ ಬಿದ್ದು ಅಪ್ಪಟ ಹುಲಿಕುಣಿತವಾಯಿತು. ಹುಡುಗಿ ಕೈಯೆತ್ತಿ ನಿಲ್ಲಿಸಿದಳು. ಮತ್ತೆ ಶುರು, ಮತ್ತೆ ಅದೇ ಓಟ.

"ನಾವು ಹುಲಿಯ ಕಾಲು ನೋಡಿ ಹೊಡೆಯುವವರು," ಎಂದ ತಮ್ಮ. "ಎದುರು ಕಾಲೇ ಇಲ್ಲದಿದ್ದರೆ ಕೈ ಹೇಗೆ ನಿಲ್ಲುವುದು?"

ತಮ್ಮನ ಮಾತನ್ನು ನಾನು ಬಿಡಿಸಿ ಹೇಳಿದ್ದೇ ಹುಡುಗಿ ಅವರ ಎದುರು ಬಂದು, ತಮ್ಮೂರಿನ ಬೀದಿಯಲ್ಲಿ ನಡೆಯುವ ಹಾಗೆ ತೂಗಿ ತೂಗಿ ಹೆಜ್ಜೆ ಹಾಕಿದಳು. ತಾಳ ಹದಕ್ಕೆ ಬಂತು. ಅಷ್ಟರಲ್ಲಿ ನಾನು ಡಯಲ್ ಮಾಡುತ್ತಿದ್ದ ಬ್ರೆಜಿಲಿನ ಲೈನು ಸಿಕ್ಕಿತು. ಅವಳು ಒಳಗೆ ಓಡಿ ರಿಸೀವರನ್ನು ವೈರು ಬಂದಷ್ಟು ಹೊರಗೆ ಚಾಚಿ ಹಿಡಿದಳು. ಇತ್ತ ತಾಳ ಮತ್ತೆ ಓಡಲು ಹೊರಟಿತು.

ಬೇರೆ ಯಾರಿದ್ದಾರೆ? ನಾನೇ ಸೆರಗು ಸಿಕ್ಕಿಸಿ ರಸ್ತೆಗಿಳಿದೆ. ನಮ್ಮ ಮನೆಯ ಹೆಂಗಸರು ಹುಲಿಯನ್ನು ಜಗಲಿಯಿಂದ ನೋಡಿದವರೇ ಹೊರತು ಬೀದಿಯಲ್ಲಿ ಕುಣಿದವರಲ್ಲ. ಅವಳು ಹಾಕಿದ ಹೆಜ್ಜೆಯನ್ನೇ ಹಾಕಿದೆ. ಕಾಲು ಸರಿಯಾಗಿಯೇ ಬಂತು, ಸೊಂಟ ಅಷ್ಟಕ್ಕಷ್ಟೆ.

"ಅಕ್ಕ, ನಗಿಸಬೇಡ. ಕೋಲು ತಪ್ಪುತ್ತದೆ."

"ಬಾಯಿ ಮುಚ್ಚಿ ಕಾಲು ನೋಡು."

ಹುಡುಗಿ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಆ ಕಡೆಯ ದೊಡ್ಡ ಗಂಟಲು ನನ್ನವರೆಗೂ ಕೇಳಿಸಿತು, ನಿಲ್ಲುವ ಲಕ್ಷಣವೇ ಇಲ್ಲ. ಅವಳು ಬಾಯಿಗೆ ಕೈ ಹಿಡಿದು ನಿಂತಿದ್ದಳು. ನನಗೆ ಹೆದರಿಕೆಯಾಗಿ, ಎಂತಾಯಿತು ಎಂದು ಕೇಳಿದೆ.

"ಅಪ್ಪ ಬೈತಾರೆ," ಎಂದಳು ತನ್ನ ಹರಕು ಕನ್ನಡದಲ್ಲಿ, ನಗುತ್ತ, ಕಣ್ಣೊರೆಸಿಕೊಳ್ಳುತ್ತ. ನಮ್ಮ ದೊಡ್ಡ ಡೋಲಿನವನು ಬಾರಿಸುತ್ತಲೇ ನಿದ್ದೆ ಮಾಡುತ್ತಿದ್ದಾನಂತೆ. ಮೊದಲಿನಿಂದ ಸರಿಯಾಗಿ ಬಾರಿಸಬೇಕಂತೆ.

ನಾನು ಸೆರಗು ಇನ್ನಷ್ಟು ಬಿಗಿದು ಮೊದಲಿನ ಜಾಗಕ್ಕೆ ಹೋಗಿ ನಿಂತೆ.