ಪೋಲರೈಸರ್ ತಿರುಗಿಸಿದವಳು

ಶಾಹೀನ್, ಪೋಲರೈಸರ್ ತಿರುಗಿಸಿದವಳು ನಾನು. ನೀನಲ್ಲ. ಒಂಬತ್ತು ವರ್ಷ ಈ ಮಾತನ್ನು ನುಂಗಿಕೊಂಡು ಕೂತಿದ್ದೆ.

ಆಸ್ಟಿನ್‌ನ ನಮ್ಮ ಲ್ಯಾಬಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಾವಿಬ್ಬರೂ ಮೋಡ ಮಾಡುತ್ತಿದ್ದೆವು — ನೆನಪಿದೆಯಾ? ಅದರೊಳಗೆ ಹಸಿರು ಲೇಸರ್ ಬಿಟ್ಟು, ಚದುರಿ ಹಿಂದಿರುಗುವ ಬೆಳಕನ್ನು ನೀನು ಅಳೆಯುತ್ತಿದ್ದೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು ಅದು. ದುಂಡನೆಯ ನೀರಹನಿಗೆ ತಾಗಿದರೆ ಆ ದಿಕ್ಕು ಹಾಗೇ ಉಳಿಯುತ್ತದೆ, ಹಿಮದ ಹರಳಿಗೆ ತಾಗಿದರೆ ಕದಡುತ್ತದೆ. ದಿಕ್ಕನ್ನು ಹಿಡಿದಿಡುವುದು ಪೋಲರೈಸರ್ ಎಂಬ ಗಾಜಿನ ಬಿಲ್ಲೆ. ಅದನ್ನು ಯಾರೇ ತಿರುಗಿಸಲಿ, ಮೇಜಿಗೆ ಅಂಟಿಸಿದ ಟೇಪಿನ ಮೇಲೆ ಪೆನ್ಸಿಲಿನಿಂದ ಕೋನ ಬರೆಯಬೇಕು — ಆ ಪದ್ಧತಿ ತಂದವಳೇ ನೀನು.

ಒಂದು ಭಾನುವಾರ ನನ್ನ ಚಿಕ್ಕಮ್ಮ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಿಂದ ಮಕ್ಕಳನ್ನು ಕರೆತಂದಿದ್ದರು. ಯಾರನ್ನೂ ಕೇಳದೆ ಲ್ಯಾಬ್ ತೆರೆದು ತೋರಿಸಿದೆ. ಪೋಲರೈಸರ್ ತಿರುಗಿಸಿದಂತೆ ಮೋಡದೊಳಗಿನ ಹಸಿರು ಗೆರೆ ಮಂಕಾಗಿ, ಮತ್ತೆ ಬೆಳಗಿತು. “ಅಕ್ಕಾ, ಡೂ ಇಟ್ ಅಗೇನ್!” ಎಂದು ಮಕ್ಕಳು ಕುಣಿದರು. ನಾನೂ ಉಬ್ಬಿಹೋದೆ. ಕೊನೆಗೆ ಕಣ್ಣಂದಾಜಿನಲ್ಲಿ ಹಿಂದಕ್ಕೆ ಕೂರಿಸಿ ಬಂದೆ. ಟೇಪಿನ ಮೇಲೆ ಏನೂ ಬರೆಯಲಿಲ್ಲ.

ಮರುದಿನದಿಂದ ನಿನಗೆ ಹಿಮ ಕಾಣತೊಡಗಿತು — ಬರೀ ನೀರಿರಬೇಕಾದ ಮೋಡದಲ್ಲಿ. ಅಬ್ಬಾ, ಎಂಥ ಖುಷಿ ನಿನಗೆ! ಹ್ಯೂಸ್ಟನ್‌ನ ಸಮಾವೇಶದಲ್ಲಿ ಅದನ್ನೇ ಮಂಡಿಸಿದೆ. ಆಮೇಲೆ ಎಲ್ಲವನ್ನೂ ಹೊಸದಾಗಿ ಹೊಂದಿಸಿ ಅಳೆದಾಗ ಹಿಮದ ಸುಳಿವೇ ಇಲ್ಲ. ಪೋಲರೈಸರ್ ತುಸು ಸರಿದಿದ್ದರಿಂದ ನೀರೇ ಹಿಮದಂತೆ ಕಂಡಿತ್ತೆಂದು ಆಗ ಗೊತ್ತಾಯಿತು.

“ಯಾರರ ತಿರುವ್ಯಾರೇನ ಇದನ್ನ? ನೀ ಏನರ ಮುಟ್ಟಿದ್ದೇನ?” ಎಂದೆ ನೀನು, ನಿನ್ನ ಧಾರವಾಡದ ಮಾತಿನಲ್ಲಿ.

“ಇಲ್ಲ ಕಣೇ, ನಾನ್ಯಾಕೆ ಮುಟ್ಲಿ?”

“ಹಂಗಾರ ನಾನ ಎಡವಟ್ಟು ಮಾಡೀನಿ ಬಿಡು.”

ನಮ್ಮ ಪ್ರೊಫೆಸರ್ ಮುಂದೆಯೂ ನೀನು ಅದನ್ನೇ ಒಪ್ಪಿಕೊಂಡೆ. ನಾನು ಪಕ್ಕದಲ್ಲೇ ನಿಂತಿದ್ದೆ. ಹೆದರಿದ್ದೆ, ನಿಜ. ಆದರೆ ಹೆದರಿಕೆಯೊಂದೇ ಅಲ್ಲ — ಅವರು ನಿನ್ನನ್ನು ಹೊಗಳಿದಾಗೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು... ಥೂ, ಬರೆಯಲೂ ನಾಚಿಕೆಯಾಗುತ್ತದೆ. ಆ ತಪ್ಪಿನ ಕೊರಗಿನಲ್ಲೇ ನೀನು ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಡಲ್ಲಾಸ್ ಕಡೆ ಯಾವುದೋ ಕೆಲಸ ಹಿಡಿದೆ. ಹೊರಡುವ ದಿನ ನನ್ನನ್ನೇ ತಬ್ಬಿಕೊಂಡು ಬಿಕ್ಕಿದೆ. ಆಗಲಾದರೂ ಹೇಳಬಹುದಿತ್ತು — ಹೇಳಲಿಲ್ಲ.

ನಾನು ಈಗಲೂ ಇದೇ ಲ್ಯಾಬಿನಲ್ಲಿದ್ದೇನೆ. ಪೆಟ್ಟಿಗೆಯಲ್ಲಿ ಮೋಡ ಕಟ್ಟುವಾಗ “ಬಂತು ನೋಡ, ಲಗೂನ ಬಾ” ಎಂದು ನೀನು ಕೂಗುತ್ತೀಯೇನೋ ಎಂದು ಕಿವಿ ಕಾಯುತ್ತದೆ. ನಿನ್ನಷ್ಟು ಹತ್ತಿರದವರು ಆಮೇಲೆ ಯಾರೂ ಸಿಗಲಿಲ್ಲ. ನೀನು ಬೇಕು ಕಣೇ.

ಬೆಳಿಗ್ಗೆ ಪ್ರೊಫೆಸರ್‌ಗೆ ಎಲ್ಲವನ್ನೂ ಬರೆದು ಕಳಿಸಿದೆ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಹೋಯಿತಲ್ಲ, ಅದನ್ನು ಕಿತ್ತುಕೊಂಡವಳು ನಾನು — ಹಿಂದಿರುಗಿಸುವುದು ಹೇಗೆಂದು ತಿಳಿಯುತ್ತಿಲ್ಲ.