ಮೊಟ್ಟೆಯ ಮೇಲಿನ ದೂರು

ಸ್ನೇಹಿತರೇ, ನಾನು ಆಸ್ಪತ್ರೆ ಸೇರಿದ್ದೇನೆ. ಹೆದರಬೇಡಿ, ಹಾಗೆ ಬರೆದರೆ ನೀವು ಪೂರ್ತಿ ಓದುತ್ತೀರಿ ಎಂದು ಬರೆದೆ. ಬೆಳಿಗ್ಗೆ ರಕ್ತದ ರಿಪೋರ್ಟ್ ತೋರಿಸಲು ತೀರ್ಥಹಳ್ಳಿಗೆ ಹೋಗಿದ್ದೆ, ಅಷ್ಟೆ. ಶುಗರ್ ಏರಿತ್ತು.

ಡಾಕ್ಟರ ಮುಂದೆ ಕೂರುವ ಮೊದಲೇ, ಜೊತೆಗೆ ಬಂದಿದ್ದ ಹೆಂಡತಿ ದೂರು ಕೊಟ್ಟಳು. "ಡಾಕ್ಟ್ರೇ, ಎಲ್ಲಾ ಆ ಮೊಟ್ಟೆಯಿಂದ. ದಿನಾ ಒಂದು ಬೇಕೇ ಬೇಕು ಇವ್ರಿಗೆ. ಇವತ್ತೇ ಬಿಡ್ಸಿ."

ಡಾಕ್ಟರು ನಕ್ಕರು. "ಮೊಟ್ಟೆಯಿಂದ ಶುಗರ್ ಏರಲ್ಲ ಅಮ್ಮ. ಇವ್ರ ಕೊಲೆಸ್ಟ್ರಾಲೂ ಸರಿ ಇದೆ, ದಿನಕ್ಕೊಂದು ತಿನ್ಲಿ ಬಿಡಿ."

ನಾನು ಹೆಂಡತಿಯ ಕಡೆ ತಿರುಗಿ ಮೀಸೆ ತಿರುವಿದೆ. ಅಷ್ಟರಲ್ಲಿ ಡಾಕ್ಟರು ಕೇಳಿದರು, "ಮೊಟ್ಟೆ ಜೊತೆ ಎಂತ ತಿಂತೀರಿ?"

"ಮೊಟ್ಟೆ ಸಾರಿಗೆ ಅಕ್ಕಿ ಕಡುಬು."

"ಎಷ್ಟು?"

ನಾನು ಫ್ಯಾನ್ ನೋಡಿದೆ. ಹೆಂಡತಿ ಬಿಡಲಿಲ್ಲ. "ಎಂಟು! ಸಾರು ಉಳೀತು ಅಂತ ಕಡುಬು, ಕಡುಬು ಉಳೀತು ಅಂತ ಸಾರು."

"ಶುಗರ್ ಏರ್ಸಿದ್ದು ಅದೇ. ಇನ್ಮೇಲೆ ಎರಡೇ," ಎಂದರು ಡಾಕ್ಟರು.

ಮೊಟ್ಟೆ ಉಳಿಸಿಕೊಳ್ಳಲು ಹೋದವನು ಕಡುಬು ಕಳೆದುಕೊಂಡು ಬಂದೆ. ಬಸ್ಸು ನಮ್ಮೂರು ಮೇಗರವಳ್ಳಿ ಮುಟ್ಟುವ ತನಕ ಹೆಂಡತಿ ನಗುತ್ತಲೇ ಇದ್ದಳು.

ಒಂದು ಮಾತ್ರ ನಿಜ ಹೇಳುತ್ತೇನೆ, ಅವಳಿಗೆ ತಿಳಿಸಬೇಡಿ. ಎಂಟು ಅವಳು ಬಡಿಸಿದ್ದು. ತಟ್ಟೆ ಇಡಲು ಅಡುಗೆಮನೆಗೆ ಹೋದಾಗ ನಿಂತುಕೊಂಡೇ ತಿನ್ನುವ ಮೂರನ್ನು ನಾನು ಡಾಕ್ಟರಿಗೂ ಹೇಳಲಿಲ್ಲ.