ಶೇಂಗಾ ವಿಜ್ಞಾನಿಯ ಹಣೆ

ಹೊಸಪೇಟೆಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ನನಗೆ ಒಂದು ಪಟದ ಹುಚ್ಚು ಹಿಡಿದಿತ್ತು. ಅಮೆರಿಕದ ಕಪ್ಪು ಜನಾಂಗದ ಸಸ್ಯವಿಜ್ಞಾನಿಯೊಬ್ಬರ ಪಟ ಅದು. ಗುಲಾಮಗಿರಿಯಲ್ಲಿ ಹುಟ್ಟಿದವರು, ಹತ್ತಿ ಬೆಳೆದು ಬೆಳೆದು ಬರಡಾದ ನೆಲಕ್ಕೆ ಶೇಂಗಾ ಹಾಕಿಸಿ ಸಾರ ತುಂಬಿಸಿದವರು. ಹಳೆಯ ಪತ್ರಿಕೆಯಿಂದ ಕತ್ತರಿಸಿ, ಗಾಜಿನ ಕಟ್ಟು ಹಾಕಿಸಿ, ತರಗತಿಯ ಗೋಡೆಗೆ ತೂಗುಹಾಕಿದೆ. ನಮ್ಮ ಮಕ್ಕಳ ತಲೆಯಲ್ಲಿ ವಿಜ್ಞಾನಿಯೆಂದರೆ ಬಿಳಿ ದೊರೆ ಎಂದೇ ಕೂತಿತ್ತು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮುಖವನ್ನು ಅವರು ದಿನಾ ನೋಡಬೇಕು, ನನಗೆ ಬೇಕಾದದ್ದು ಅಷ್ಟೇ.

ಹೆಡ್‌ಮಾಸ್ತರರಿಗೆ ಬೇಡವಾದದ್ದೂ ಅದೇ. "ದಸರಾ ಆದ ಮ್ಯಾಲೆ ಇನ್‌ಸ್ಪೆಕ್ಟರ್ ದೊರೆ ಬರ್ತಾರ್ರಿ ಮೇಷ್ಟ್ರ. ಚಕ್ರವರ್ತಿ ಪಟದ ಬಾಜೂಕ ಇವರ್ಯಾರು ಅಂದ್ರ ಏನ್ ಹೇಳ್ಲಿ? ರಜಾ ಮುಗಿಯೂದ್ರಾಗ ತೆಗೆದುಬಿಡ್ರಿ" ಎಂದರು. ನಾನು ತೆಗೆಯಲಿಲ್ಲ.

ರಜೆಗೆ ಮುಂಚೆ ಶಾಲೆಯಲ್ಲಿ ಆಯುಧಪೂಜೆ. ಮಕ್ಕಳು ಸೂಕ್ಷ್ಮದರ್ಶಕ, ತಕ್ಕಡಿ, ಬಾಟಲಿಯಲ್ಲಿದ್ದ ಸತ್ತ ಕಪ್ಪೆ, ಯಾವುದನ್ನೂ ಬಿಡದೆ ಕುಂಕುಮ ಹಚ್ಚಿದರು. ವಿಜ್ಞಾನಿಯ ಹಣೆಗೆ ವಿಭೂತಿ ಬಿತ್ತು. ರಜೆ ಮುಗಿಸಿ ಬಂದ ಹೆಡ್‌ಮಾಸ್ತರರು ಪಟ ಇಳಿಸಲು ತಾವೇ ಸ್ಟೂಲು ಹತ್ತಿದರು. ಹತ್ತಿದವರು ಹಾಗೇ ಇಳಿದರು.

"ಪೂಜಿ ಆದ ಪಟಕ್ಕ ಕೈ ಹಚ್ಚೂದು ಹ್ಯಾಂಗ್ರಿ?"

ಆದರೆ ಅವರು ಶ್ರೀವೈಷ್ಣವರು. ವಿಭೂತಿ ಗಂಟಲಲ್ಲಿ ಸಿಕ್ಕಿಕೊಂಡಿತು. ಮರುದಿನ ಅದರ ಮೇಲೊಂದು ನಾಮ ಮೂಡಿತ್ತು. ಶೈವರ ಮನೆಯ ಹುಡುಗರು ಸುಮ್ಮನಿರುತ್ತಾರೆಯೇ? ನಾಮದ ಮೇಲೆ ವಿಭೂತಿ, ವಿಭೂತಿಯ ಮೇಲೆ ನಾಮ. ಒಬ್ಬರದನ್ನು ಒಬ್ಬರು ಒರೆಸುವಂತಿಲ್ಲ, ಒರೆಸಿದರೆ ಪಾಪ! ನಾನು ಒದ್ದೆ ಬಟ್ಟೆ ಹಿಡಿದು ಹೋದರೆ ಎರಡೂ ಪಕ್ಷದವರು ಒಂದಾಗಿ ಅಡ್ಡ ನಿಂತರು. ಹಣೆಯಲ್ಲಿ ಜಾಗ ಸಾಲದೆ ಬಳಿಯುವುದು ಕೆನ್ನೆಗೂ ಇಳಿಯಿತು.

ಇನ್‌ಸ್ಪೆಕ್ಟರ್ ದೊರೆ ಬಂದ ದಿನ ಕಣ್ಣು, ಮೀಸೆ, ಕೋಟು ಬಿಟ್ಟರೆ ಉಳಿದದ್ದೆಲ್ಲ ಬಿಳಿ. ದೊರೆ ಹ್ಯಾಟು ತೆಗೆದು, ಇವರು ಯಾವ ಸಂತರು ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಾಸ್ತರರು ನನ್ನ ಕಾಲು ತುಳಿದು, ಶೇಂಗಾ ಬೆಳೆ ಕಾಯುವ ಸಂತರು ಎಂದುಬಿಟ್ಟರು. ಸಂತರಿಗೆ ಕೋಟು ಯಾಕೆ ಎಂದು ದೊರೆ ಕೇಳಲಿಲ್ಲ. ಜನರ ಭಕ್ತಿಯ ವಿಷಯಕ್ಕೆ ಸರ್ಕಾರ ಕೈ ಹಾಕುವುದಿಲ್ಲ, ಪಟ ಅಲ್ಲೇ ಇರಲಿ ಎಂದು ಅಪ್ಪಣೆ ಮಾಡಿ ಹೋದ.

ಪಟ ಉಳಿಯಿತು, ಪಟದೊಳಗಿನ ಮನುಷ್ಯ ಹೋದ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಯಾರು ಅಡ್ಡ ಬಂದರೂ ಸರಿ ಎಂದು ಬಟ್ಟೆ ಹಿಡಿದು ಹೋದೆ. ಗಾಜು ಆಗಲೇ ಫಳಫಳ ಹೊಳೆಯುತ್ತಿತ್ತು. ಮಲಪನಗುಡಿಯ ರೈತರ ಹುಡುಗ ಸ್ಟೂಲಿನ ಮೇಲೆ ನಿಂತು ಧೋತರದ ಚುಂಗಿನಿಂದ ಒರೆಸುತ್ತಿದ್ದ. ಅವನ ಹಣೆಯ ತುಂಬ ವಿಭೂತಿ.

"ಯಾಕಲೇ, ಪಾಪ ಬರೂದಿಲ್ಲೇನು?" ಎಂದೆ.

"ಬರ್ಲಿ ಬಿಡ್ರಿ ಸಾರ್. ಇವ್ರು ನಮ್ಮಪ್ಪನ ಬಣ್ಣದವ್ರ ಅದಾರ. ದೊರೆಗ ಅದು ಕಾಣಲೇ ಇಲ್ಲ ನೋಡ್ರಿ."